ಲ್ಯಾಪ್‌ಟಾಪಿಗೆ ಅಂತರ್ಜಾಲ ಬಾರದಾದಾಗ

ನಮ್ಮ ಸೀಮೆಯ ರೈತನಲ್ಲಿ ಒಂದು ಒಳ್ಳೆಯ ರೂಢಿಯುಂಟು. ಪಾಳಿಯ ದಿನ ಹೊಲಕ್ಕೆ ನೀರು ಬರಲಿಲ್ಲವೆಂದರೆ ಅವನು ಒಮ್ಮೆಲೇ ಹಿಡಕಲ್ ಅಣೆಕಟ್ಟಿಗೆ ಓಡುವುದಿಲ್ಲ. ಸಲಿಕೆಯನ್ನು ಹೆಗಲಿಗೇರಿಸಿಕೊಂಡು ಮೊದಲು ತನ್ನ ಹೊಲದ ಬಾಯಿಗಟ್ಟನ್ನೇ ನೋಡುತ್ತಾನೆ. ಅಲ್ಲಿ ಹುಲ್ಲು ಹೆಂಟೆ ಸಿಕ್ಕಿಕೊಂಡಿಲ್ಲವಷ್ಟೇ? ಬಳಿಕ ಹೊಲಗಾಲುವೆ, ಅನಂತರ ನೆರೆಯವನ ಹೊಲ, ಆಮೇಲೆ ಉಪಕಾಲುವೆಯ ತೂಬು. ಅಲ್ಲೆಲ್ಲ ನೀರಿಲ್ಲವೆಂದಾದ ಮೇಲೆಯೇ ಧೂಪದಾಳದ ಒಡ್ಡಿನ ಮಾತು. ಹತ್ತಿರದಿಂದ ದೂರಕ್ಕೆ ಹೋಗುವ ಈ ಕ್ರಮವನ್ನು ಅವನಿಗೆ ಯಾವ ಶಾಲೆಯೂ ಕಲಿಸಲಿಲ್ಲ. ಆದರೂ ಅವನು ತಪ್ಪುವುದಿಲ್ಲ.

ಅದೇ ರೈತನ ಮಕ್ಕಳಾದ ನಾವು ಕಾಲೇಜಿಗೆ ಬಂದು ಲ್ಯಾಪ್‌ಟಾಪಿನ ಮುಂದೆ ಕುಳಿತಾಗ ಮಾತ್ರ ಈ ಬುದ್ಧಿಯನ್ನು ಮನೆಯಲ್ಲಿಯೇ ಬಿಟ್ಟು ಬಂದವರಂತೆ ವರ್ತಿಸುತ್ತೇವೆ. ಅಂತರ್ಜಾಲ ಬಾರದಿದ್ದರೆ ಒಬ್ಬನು ಕಂಪನಿಯನ್ನು ಬಯ್ಯುತ್ತಾನೆ. ಇನ್ನೊಬ್ಬನು ಯಂತ್ರವನ್ನು ನಾಲ್ಕು ಸಲ ಆರಿಸಿ ಹಚ್ಚುತ್ತಾನೆ. ಮೂರನೆಯವನು ಪೇಟೆಯ ರಿಪೇರಿ ಅಂಗಡಿಗೆ ಹೊತ್ತುಕೊಂಡು ಹೋಗುತ್ತಾನೆ. ನಾನು ಈ ಮೂರನ್ನೂ ಮಾಡಿದವನು. ಹಾಗೆ ಮಾಡಿ ಕಳೆದುಕೊಳ್ಳಬಾರದುದನ್ನು ಕಳೆದುಕೊಳ್ಳುವ ಅಂಚಿಗೆ ಹೋಗಿ ಬಂದೆನಾದುದರಿಂದ, ಆಗ ಕಲಿತುದನ್ನು ಸಹಪಾಠಿಗಳ ಮುಂದಿಡುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ. ನಾನು ಕಲಾ ವಿಭಾಗದ ವಿದ್ಯಾರ್ಥಿ. ಗಣಕ ಶಾಸ್ತ್ರವನ್ನು ಬಲ್ಲ ಗುರುಗಳು ನನ್ನ ಮಾತಿನ ಒರಟುತನವನ್ನು ಮನ್ನಿಸಬೇಕು.

ಸಂಗತಿ ನಡೆದುದು ಹೀಗೆ. ದೀಪಾವಳಿಯ ಬಿಡುವಿನಲ್ಲಿ ನಾನು ಹುಕ್ಕೇರಿಯಲ್ಲಿರುವ ಬಂಧುಗಳ ಮನೆಗೆ ಹೋಗಿದ್ದೆ. ಅವರದೊಂದು ಸಣ್ಣ ಅಂಗಡಿ. ಅಲ್ಲಿದ್ದ ಇನ್ನೊಂದು ಗಣಕವು ನನ್ನ ಲ್ಯಾಪ್‌ಟಾಪಿನಿಂದ ಕೆಲವು ಕಡತಗಳನ್ನು ತೆಗೆದುಕೊಳ್ಳಬೇಕಾಗಿತ್ತು. ಅದರ ಅನುಕೂಲಕ್ಕಾಗಿ ಯಾರೋ ಹೇಳಿದಂತೆ ನಾನೇ ನನ್ನ ಯಂತ್ರದ ಜಾಲದ ಪುಟವನ್ನು ತೆರೆದು ಏನೇನೋ ಅಂಕಿಗಳನ್ನು ತುಂಬಿದೆ. ಕೆಲಸವಾಯಿತು, ತುಂಬಿದುದನ್ನು ಮರೆತುಬಿಟ್ಟೆ. ಅಲ್ಲಿಂದ ಮೂಡಲಗಿಯ ನಮ್ಮ ಮನೆಗೆ ಬಂದೆ. ಅಲ್ಲಿಯೂ ಅಂತರ್ಜಾಲ ಸರಾಗವಾಗಿ ಬಂದಿತು. ಆದರೆ ಕಾಲೇಜು ಪ್ರಾರಂಭವಾಗಿ ಗೋಕಾಕದ ನಮ್ಮ ಬಾಡಿಗೆ ಕೋಣೆಗೆ ಮರಳಿದಾಗ ಮಾತ್ರ ಯಂತ್ರ ಮುಷ್ಕರ ಹೂಡಿತು. ವೈ-ಫೈ ಕೂಡಿಕೊಂಡಿದೆಯೆಂದು ತೋರಿಸುತ್ತಿತ್ತು. ಕೆಳಗೆ ಮಾತ್ರ ‘ಅಂತರ್ಜಾಲವಿಲ್ಲ’ ಎಂಬ ಒಕ್ಕಣೆ. ಅದೇ ಕೋಣೆಯಲ್ಲಿ ಗೆಳೆಯರ ಮೊಬೈಲುಗಳೆಲ್ಲ ಚೆನ್ನಾಗಿ ನಡೆಯುತ್ತಿದ್ದವು. ನನ್ನ ಮೊಬೈಲಿನ ಹಾಟ್‌ಸ್ಪಾಟಿಗೆ ಯಂತ್ರವನ್ನು ಕೂಡಿಸಿ ನೋಡಿದೆ. ಅಲ್ಲಿಯೂ ಅದೇ ಹಾಡು. ಹುಕ್ಕೇರಿಯಲ್ಲಿ ಬರುತ್ತದೆ, ಮೂಡಲಗಿಯಲ್ಲಿ ಬರುತ್ತದೆ, ಗೋಕಾಕದಲ್ಲಿ ಬಾರದು. ಇದೆಂತಹ ಸೋಜಿಗ!

ರಿಪೇರಿ ಅಂಗಡಿಯವನು ಯಂತ್ರವನ್ನು ಐದು ನಿಮಿಷ ತಿರುವಿ ನೋಡಿ, “ಇದರ ಒಳಗಿನ ವ್ಯವಸ್ಥೆಯೇ ಕೆಟ್ಟಿದೆ, ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕಬೇಕು. ಸಂಜೆಗೆ ಬನ್ನಿ” ಎಂದನು. ನಾನು ಒಪ್ಪಿಯೇಬಿಟ್ಟಿದ್ದೆ. ಮೆಟ್ಟಿಲಿಳಿಯುವಾಗ ನೆನಪಾಯಿತು: ಅದರೊಳಗೆ ನನ್ನ ಅಜ್ಜಿಯ ದನಿಯಿದೆ. ಕನ್ನಡ ವಿಭಾಗದ ಕಿರುಪ್ರಬಂಧಕ್ಕೆಂದು ನಾನು ಅವಳಿಂದ ಬೀಸುವ ಕಲ್ಲಿನ ಪದಗಳನ್ನು ಎರಡು ಬೇಸಿಗೆ ಹಾಡಿಸಿ ತುಂಬಿಕೊಂಡಿದ್ದೆ. ಮಳೆಗಾಲದಲ್ಲಿ ಅವಳು ತೀರಿಕೊಂಡಳು. ಆ ಪದಗಳಿಗೆ ಬೇರೆ ಪ್ರತಿಯಿರಲಿಲ್ಲ. ನಾನು ಮರಳಿ ಹೋಗಿ ಯಂತ್ರವನ್ನು ಇಸಿದುಕೊಂಡು ಬಂದೆ. ಕೋಣೆಯಲ್ಲಿ ಒಬ್ಬ ಗೆಳೆಯನಿದ್ದನು. ಅವನ ತಂದೆ ಕಾಲುವೆಯ ನೀರಗಂಟಿ. ಅವನು ನನ್ನ ಮುಖ ನೋಡಿ, “ನೀರು ಎಲ್ಲಿಯವರೆಗೆ ಬಂದಿದೆ, ಅದನ್ನು ಮೊದಲು ನೋಡು, ಆಮೇಲೆ ಹೊಲ ಮಾರುವೆಯಂತೆ” ಎಂದನು. ಆ ರಾತ್ರಿ ನಾವಿಬ್ಬರೂ ಕುಳಿತು, ತಿಳಿದವರನ್ನು ಮೊಬೈಲಿನಲ್ಲಿ ವಿಚಾರಿಸುತ್ತ, ಒಂದೊಂದೇ ತೂಬನ್ನು ಪರೀಕ್ಷಿಸಿದೆವು. ಆ ಕ್ರಮವನ್ನೇ ಇಲ್ಲಿ ವಿವರಿಸುತ್ತೇನೆ.

ಮೊದಲು ಈ ಜಾಲದ ಕಾಲುವೆಗಳ ಪರಿಚಯವಾಗಬೇಕು. ಅಂತರ್ಜಾಲವೆಂಬುದು ಒಂದು ಯಂತ್ರವಲ್ಲ. ಅಸಂಖ್ಯ ಜಾಲಗಳು ಒಂದೇ ನಿಯಮಕ್ಕೆ ಒಪ್ಪಿ ಕೂಡಿಕೊಂಡಿರುವ ಒಕ್ಕೂಟ. ಅಮೇರಿಕದ ಅರ್ಪಾನೆಟ್ ಎಂಬ ಜಾಲವು 1983ರ ಜನವರಿ 1ರಂದು ಟಿ.ಸಿ.ಪಿ.-ಐ.ಪಿ. ಎಂಬ ನಿಯಮಾವಳಿಗೆ ಬದಲಾಯಿತು. ಇಂದಿಗೂ ಆ ನಿಯಮಾವಳಿಯೇ ಬುನಾದಿ. ನಮ್ಮ ದೇಶದಲ್ಲಿ ವಿದೇಶ ಸಂಚಾರ ನಿಗಮವು 1995ರ ಆಗಸ್ಟ್ 15ರಂದು ಅಂತರ್ಜಾಲವನ್ನು ಸಾರ್ವಜನಿಕರಿಗೆ ತೆರೆಯಿತು.

ಈ ನಿಯಮದಂತೆ ಜಾಲದಲ್ಲಿರುವ ಪ್ರತಿಯೊಂದು ಯಂತ್ರಕ್ಕೂ ಒಂದು ವಿಳಾಸ ಬೇಕು. ಅದಕ್ಕೆ ಐ.ಪಿ. ವಿಳಾಸವೆನ್ನುತ್ತಾರೆ. 192.168.0.7 ಎಂಬಂತೆ ನಾಲ್ಕು ಅಂಕಿಗಳು, ನಡುವೆ ಚುಕ್ಕೆಗಳು. ಒಂದೊಂದು ಅಂಕಿಯೂ 0ಯಿಂದ 255ರವರೆಗೆ ಇರಬಹುದು. ಈ ರೀತಿಯಲ್ಲಿ ಒಟ್ಟು ಸುಮಾರು 429 ಕೋಟಿ ವಿಳಾಸಗಳು ಮಾತ್ರ ಸಾಧ್ಯ. ಲೋಕದ ಯಂತ್ರಗಳಿಗೆ ಇವು ಸಾಲವಾದುದರಿಂದ, ಮನೆಯೊಳಗಿನ ಬಳಕೆಗೆಂದು ಕೆಲವು ವಿಳಾಸಗಳನ್ನು ಪ್ರತ್ಯೇಕವಾಗಿ ತೆಗೆದಿಟ್ಟಿದ್ದಾರೆ. 192.168 ಎಂದು ಮೊದಲಾಗುವವು ಅಂತಹವು. ನಮ್ಮ ಮನೆಯಲ್ಲಿಯೂ ನಿಮ್ಮ ಮನೆಯಲ್ಲಿಯೂ ಅದೇ ಅಂಕಿಯ ಯಂತ್ರವಿರಬಹುದು. ಎರಡು ಊರುಗಳಲ್ಲಿ ಒಂದೇ ಹೆಸರಿನ ಓಣಿಯಿರುವಂತೆ ಇದರಿಂದ ತೊಡಕಿಲ್ಲ.

ಮನೆಯಲ್ಲಿ ದೀಪ ಮಿನುಗಿಸುತ್ತ ಕುಳಿತಿರುವ ಪುಟ್ಟ ಪೆಟ್ಟಿಗೆಗೆ ರೌಟರ್ ಎಂದು ಹೆಸರು. ಅದೇ ನಮ್ಮ ಓಣಿಯ ಅಗಸೆಬಾಗಿಲು. ಒಳಗಿನ ಯಂತ್ರಗಳ ಮಾತು ಹೊರಗೆ ಹೋಗಬೇಕಾದರೆ ಆ ಅಗಸೆಯಿಂದಲೇ ಹೋಗಬೇಕು. ಅದನ್ನು ಗೇಟ್‌ವೇ ಎನ್ನುವರು. ಹೊಸದಾಗಿ ಬಂದ ಯಂತ್ರಕ್ಕೆ “ನಿನ್ನ ವಿಳಾಸ ಇದು, ಅಗಸೆ ಅಲ್ಲಿದೆ, ಹೆಸರು ಕೇಳಬೇಕಾದರೆ ಇವರನ್ನು ಕೇಳು” ಎಂದು ತಿಳಿಸುವ ಏರ್ಪಾಡೂ ಸಾಮಾನ್ಯವಾಗಿ ಆ ಪೆಟ್ಟಿಗೆಯಲ್ಲಿಯೇ ಇರುತ್ತದೆ. ಇದಕ್ಕೆ ಡಿ.ಎಚ್.ಸಿ.ಪಿ. ಎಂಬ ಹೆಸರು. ಇನ್ನು ಹೆಸರು ಕೇಳುವುದೆಂದರೇನು? ನಾವು ಬರೆಯುವುದು ಹೆಸರನ್ನು. ಜಾಲವು ಬಲ್ಲುದು ಅಂಕಿಯನ್ನು. ಹೆಸರಿಗೆ ಅಂಕಿಯನ್ನು ಹುಡುಕಿಕೊಡುವ ಮಹಾ ದಫ್ತರವೇ ಡಿ.ಎನ್.ಎಸ್.; ಇದನ್ನು 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಎಂಬವರು ರೂಪಿಸಿದರು.

ಈಗ ಪರೀಕ್ಷೆಯ ಕ್ರಮಕ್ಕೆ ಬರೋಣ.

ಒಂದು: ನೆರೆಮನೆಯಲ್ಲಿ ದೀಪವಿದೆಯೇ? ಕರೆಂಟು ಹೋದಾಗ ನಾವೆಲ್ಲರೂ ಮಾಡುವ ಮೊದಲ ಕೆಲಸವೆಂದರೆ ಬಾಗಿಲಿಗೆ ಬಂದು ನೆರೆಮನೆಯನ್ನು ನೋಡುವುದು. ಹುಕ್ಕೇರಿ ತಾಲೂಕಿನಲ್ಲಿ 1969ರಲ್ಲಿ ಸ್ಥಾಪಿತವಾದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವು ಕರೆಂಟನ್ನು ಹಂಚುತ್ತದೆ. ಗೋಕಾಕದ ಏರ್ಪಾಡು ಬೇರೆ. ಹಂಚುವವರು ಯಾರೇ ಆಗಿರಲಿ, ನೆರೆಮನೆಯಲ್ಲಿ ದೀಪವಿದ್ದರೆ ತಪ್ಪು ನಮ್ಮ ಮನೆಯ ತಂತಿಯಲ್ಲಿದೆ. ಹಾಗೆಯೇ ಅದೇ ವೈ-ಫೈಯಲ್ಲಿ ಇನ್ನೊಂದು ಯಂತ್ರಕ್ಕೆ ಅಂತರ್ಜಾಲ ಬರುತ್ತಿದ್ದರೆ ದೋಷ ನಮ್ಮ ಲ್ಯಾಪ್‌ಟಾಪಿನಲ್ಲಿದೆ. ಯಾವುದಕ್ಕೂ ಬಾರದಿದ್ದರೆ ರೌಟರನ್ನು ಅರ್ಧ ನಿಮಿಷ ಆರಿಸಿ ಹಚ್ಚಬೇಕು. ಆಗಲೂ ಆಗದಿದ್ದರೆ ಸೇವೆ ಕೊಡುವವರಿಗೆ ತಿಳಿಸಬೇಕು. ಒಂದು ಎಚ್ಚರಿಕೆ: ಮೊಬೈಲಿನಲ್ಲಿ ಪರೀಕ್ಷಿಸುವಾಗ ಅದರ ಸ್ವಂತ ಡೇಟಾವನ್ನು ನಿಲ್ಲಿಸಿ ನೋಡಬೇಕು. ಇಲ್ಲದಿದ್ದರೆ ನೆರೆಮನೆಯ ದೀಪವೆಂದು ಬ್ಯಾಟರಿಯ ಬೆಳಕನ್ನು ನೋಡಿದಂತಾದೀತು!

ಎರಡು: ಯಂತ್ರವು ವೈ-ಫೈಗೆ ಕೂಡಿಕೊಂಡಿದೆಯೇ? ವಿಮಾನದ ಗುರುತಿನ ಏರೋಪ್ಲೇನ್ ಮೋಡ್ ತಿಳಿಯದೆ ಬಿದ್ದಿರಬಹುದು. ಕೆಲವು ಲ್ಯಾಪ್‌ಟಾಪುಗಳ ಮೇಲುಸಾಲಿನ ಗುಂಡಿಯೊಂದು ವೈ-ಫೈಯನ್ನು ಆರಿಸಿಬಿಡುತ್ತದೆ. ವೈ-ಫೈಯ ಹೆಸರೇ ಎಲ್ಲಿಯೂ ಕಾಣದಿದ್ದರೆ ಡಿವೈಸ್ ಮ್ಯಾನೇಜರ್ ಎಂಬ ಪುಟದಲ್ಲಿ ಜಾಲದ ಉಪಕರಣದ ಮೇಲೆ ಹಳದಿ ಗುರುತು ಬಿದ್ದಿದೆಯೇ ನೋಡಬೇಕು. ಬಿದ್ದಿದ್ದರೆ ಅದನ್ನು ನಡೆಸುವ ಡ್ರೈವರನ್ನು ಮತ್ತೆ ಹಾಕಬೇಕಾಗುತ್ತದೆ. ನನ್ನ ಯಂತ್ರವು ಈ ಎರಡನೆಯ ಪರೀಕ್ಷೆಯಲ್ಲಿ ತೇರ್ಗಡೆಯಾಗಿತ್ತು.

ಮೂರು: ಯಂತ್ರಕ್ಕೆ ವಿಳಾಸ ದೊರೆತಿದೆಯೇ? ವಿಂಡೋಸ್ ಯಂತ್ರದಲ್ಲಿ ಕಮಾಂಡ್ ಪ್ರಾಂಪ್ಟ್ ಎಂಬ ಕಪ್ಪು ಕಿಟಕಿಯನ್ನು ತೆರೆದು ‘ಐಪಿಕಾನ್ಫಿಗ್’ ಎಂಬ ಒಂದೇ ಮಾತನ್ನು ಇಂಗ್ಲಿಷ್ ಅಕ್ಷರಗಳಲ್ಲಿ, ನಡುವೆ ತೆರಪಿಲ್ಲದೆ, ಬೆರಳಚ್ಚಿಸಿದರೆ ವಿಳಾಸವೂ ಅಗಸೆಯ ಅಂಕಿಯೂ ಕಾಣುತ್ತವೆ. ವಿಳಾಸವು 169.254 ಎಂದು ಮೊದಲಾಗಿದ್ದರೆ, ಯಂತ್ರವು ವಿಳಾಸಕ್ಕಾಗಿ ಕೂಗಿ ಯಾರೂ ಓಗೊಡದ ಕಾರಣ ತಾನೇ ಒಂದನ್ನು ಇಟ್ಟುಕೊಂಡಿದೆಯೆಂದು ಅರ್ಥ. ಅದರಿಂದ ಊರಾಚೆಗೆ ಹೋಗಲಾಗದು. ಆಗ ಅದೇ ಮಾತಿನ ಮುಂದೆ ತೆರಪು ಬಿಟ್ಟು, ಓರೆಗೆರೆ ಹಾಕಿ ‘ರಿಲೀಸ್’ ಎಂದೂ, ಮತ್ತೊಮ್ಮೆ ಓರೆಗೆರೆಯೊಡನೆ ‘ರಿನ್ಯೂ’ ಎಂದೂ ಬರೆದರೆ ಹಳೆಯದನ್ನು ಬಿಟ್ಟು ಹೊಸ ವಿಳಾಸವನ್ನು ಬೇಡುತ್ತದೆ.

ನನ್ನ ಯಂತ್ರವು 192.168.1.50 ಎಂಬ ವಿಳಾಸವನ್ನು ತೋರಿಸಿತು, ಅಗಸೆ 192.168.1.1. ನೋಡಲು ಎಲ್ಲವೂ ಸರಿಯಾಗಿಯೇ ಇತ್ತು. ಗೆಳೆಯನು ತನ್ನ ಮೊಬೈಲಿನಲ್ಲಿ ಅದೇ ವೈ-ಫೈಯ ವಿವರವನ್ನು ತೆಗೆದು ನೋಡಿದನು. ಅಲ್ಲಿ ಅಗಸೆಯ ಅಂಕಿ 192.168.0.1! ಒಂದೇ ಕೋಣೆಯಲ್ಲಿ ಕುಳಿತ ಇಬ್ಬರಿಗೆ ಎರಡು ಅಗಸೆಗಳು ಹೇಗಾದಾವು?

ನಾಲ್ಕು: ಅಗಸೆಯವರೆಗೆ ದನಿ ಮುಟ್ಟುತ್ತದೆಯೇ? ಇದಕ್ಕೆ ‘ಪಿಂಗ್’ ಎಂಬ ಉಪಾಯವಿದೆ. 1983ರ ಡಿಸೆಂಬರಿನಲ್ಲಿ ಮೈಕ್ ಮೂಸ್ ಎಂಬ ಅಮೇರಿಕನ್ನರು ಇದನ್ನು ಬರೆದರು. ಸಮುದ್ರದಲ್ಲಿ ಹಡಗು ದನಿ ಕಳುಹಿಸಿ ಅದರ ಮಾರ್ದನಿಯಿಂದ ಅಡಗಿದ ವಸ್ತುವನ್ನು ತಿಳಿಯುವ ರೀತಿಯನ್ನು ನೆನೆದು ಇಟ್ಟ ಹೆಸರಿದು. ಬಾವಿಯಲ್ಲಿ ಕಲ್ಲು ಹಾಕಿ ನೀರಿನ ಸಪ್ಪಳ ಕೇಳುವಂತೆ ಇದೂ ಒಂದು. ‘ಪಿಂಗ್’ ಎಂದು ಬರೆದು ತೆರಪು ಬಿಟ್ಟು ಅಗಸೆಯ ಅಂಕಿಯನ್ನು ಬರೆಯಬೇಕು. ಉತ್ತರ ಬಂದರೆ ಅಲ್ಲಿಯವರೆಗೆ ದಾರಿ ತೆರೆದಿದೆ. ನನ್ನ ಯಂತ್ರದಲ್ಲಿ 192.168.1.1ನ್ನು ಕೂಗಿದಾಗ ‘ಗುರಿಯ ಯಂತ್ರವನ್ನು ಮುಟ್ಟಲಾಗದು’ ಎಂಬ ಅರ್ಥದ ಉತ್ತರ ಬಂದಿತು. ಆ ಉತ್ತರವನ್ನು ಕೊಟ್ಟುದು ಬೇರಾರೂ ಅಲ್ಲ, ನನ್ನ ಯಂತ್ರವೇ. ನೀರು ಹೊಲದ ಬಾಯಿಗಟ್ಟಿನಲ್ಲಿಯೇ ನಿಂತಿತ್ತೆಂಬುದು ಈಗ ಖಚಿತವಾಯಿತು.

ದೀಪಾವಳಿಯಲ್ಲಿ ನಾನು ತುಂಬಿದ ಅಂಕಿಗಳು ಆಗ ನೆನಪಿಗೆ ಬಂದವು. ಹುಕ್ಕೇರಿಯ ಅಂಗಡಿಯಲ್ಲಿ ನಾನು ನನ್ನ ಯಂತ್ರಕ್ಕೆ ಕಾಯಂ ವಿಳಾಸವನ್ನೂ ಕಾಯಂ ಅಗಸೆಯನ್ನೂ ಬರೆದುಕೊಟ್ಟಿದ್ದೆ. ಅಲ್ಲಿಯ ಓಣಿ 192.168.1. ಮೂಡಲಗಿಯ ನಮ್ಮ ಮನೆಯ ರೌಟರಿನ ಓಣಿಯೂ ದೈವಯೋಗದಿಂದ ಅದೇ ಆಗಿತ್ತು. ಆದುದರಿಂದ ಅಲ್ಲಿಯೂ ಕೆಲಸ ನಡೆಯಿತು. ಗೋಕಾಕದ ಕೋಣೆಯ ಓಣಿ 192.168.0, ಮೊಬೈಲಿನ ಹಾಟ್‌ಸ್ಪಾಟಿನ ಓಣಿ ಮತ್ತೊಂದು. ಪಾಪ, ನನ್ನ ಯಂತ್ರವು ಗೋಕಾಕಕ್ಕೆ ಬಂದರೂ ಹುಕ್ಕೇರಿಯ ಅಗಸೆಯನ್ನೇ ಹುಡುಕುತ್ತ ನಿಂತಿತ್ತು. ಕೆಟ್ಟುದು ಯಂತ್ರವಲ್ಲ, ಅದು ನನ್ನ ಆಜ್ಞೆಯನ್ನು ಅತಿ ನಿಷ್ಠೆಯಿಂದ ಪಾಲಿಸುತ್ತಿತ್ತು, ಅಷ್ಟೇ. ‘ಎರಡು ಊರುಗಳಲ್ಲಿ ಸರಿಯಿದೆ, ಆದುದರಿಂದ ಯಂತ್ರ ಸರಿಯಿದೆ’ ಎಂಬ ನನ್ನ ತರ್ಕವೂ, ‘ಎಲ್ಲ ಜಾಲದಲ್ಲಿಯೂ ಬಾರದು, ಆದುದರಿಂದ ಯಂತ್ರ ಕೆಟ್ಟಿದೆ’ ಎಂಬ ಅಂಗಡಿಯವನ ತರ್ಕವೂ ಎರಡೂ ಅವಸರದವು.

ಪರಿಹಾರ ಬಹು ಸರಳ. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್ ಎಂಬಲ್ಲಿಗೆ ಹೋಗಿ, ನೆಟ್‌ವರ್ಕ್ ವಿಭಾಗದಲ್ಲಿ ವೈ-ಫೈ, ಅದರೊಳಗೆ ಹಾರ್ಡ್‌ವೇರ್ ಪ್ರಾಪರ್ಟೀಸ್ ತೆರೆದರೆ ‘ಐ.ಪಿ. ಅಸೈನ್‌ಮೆಂಟ್’ ಎಂಬ ಸಾಲು ಕಾಣುತ್ತದೆ. ಅಲ್ಲಿ ‘ಮ್ಯಾನ್ಯುಅಲ್’ ಎಂದಿದ್ದರೆ ‘ಆಟೊಮ್ಯಾಟಿಕ್’ ಎಂದು ಬದಲಿಸಬೇಕು. ಹಳೆಯ ರೀತಿಯ ಕಿಟಕಿಯಲ್ಲಿ ಇದು ಐ.ಪಿ. ನಾಲ್ಕನೆಯ ಆವೃತ್ತಿಯ ಪ್ರಾಪರ್ಟೀಸ್ ಎಂಬಲ್ಲಿದೆ. ನಾನು ಬದಲಿಸಿದುದು ಅಲ್ಲಿಯೇ. ಕೂಡಲೇ ಯಂತ್ರಕ್ಕೆ 192.168.0ರ ಓಣಿಯಲ್ಲಿ ವಿಳಾಸ ಸಿಕ್ಕಿತು. ಹೊಸ ಅಗಸೆಯನ್ನು ಕೂಗಿದರೆ ಓಗೊಟ್ಟಿತು.

ಐದು: ಊರಾಚೆಗೆ ದನಿ ಮುಟ್ಟುತ್ತದೆಯೇ? ಇದಕ್ಕೆ ಹೊರಗಿನ ಪ್ರಸಿದ್ಧ ವಿಳಾಸವೊಂದನ್ನು ಕೂಗಬೇಕು. ಗೂಗಲ್ ಸಂಸ್ಥೆಯ ಸಾರ್ವಜನಿಕ ದಫ್ತರದ ಅಂಕಿ 8.8.8.8, ಕ್ಲೌಡ್‌ಫ್ಲೇರ್ ಸಂಸ್ಥೆಯದು 1.1.1.1. ಉತ್ತರ ಬಂದರೆ ಕಾಲುವೆ ಕೊನೆಯವರೆಗೂ ಹರಿಯುತ್ತಿದೆಯೆಂದು ತಿಳಿಯಬೇಕು. ಕೆಲವು ಸಂಸ್ಥೆಗಳ ಜಾಲದಲ್ಲಿ ಪಿಂಗನ್ನೇ ತಡೆದಿರುತ್ತಾರೆ. ಆದುದರಿಂದ ಉತ್ತರ ಬಾರದ ಮಾತ್ರಕ್ಕೆ ದಾರಿಯಿಲ್ಲವೆಂದು ಹೇಳಲಾಗದು. ಅಗಸೆ ಓಗೊಟ್ಟು ಹೊರಗಿನದು ಓಗೊಡದೆ, ಉಳಿದ ಯಂತ್ರಗಳಿಗೂ ಅಂತರ್ಜಾಲ ಬಾರದಿದ್ದರೆ ಮಾತ್ರ ತಪ್ಪು ರೌಟರಿನಲ್ಲಿಯೋ ಅದರಾಚೆಗೋ ಇದೆ.

ನನಗೆ 8.8.8.8ರಿಂದ ಉತ್ತರ ಬಂದಿತು. ಹಿಗ್ಗಿನಿಂದ ಬ್ರೌಸರನ್ನು ತೆರೆದೆ. ಪುಟ ಮಾತ್ರ ಬರಲಿಲ್ಲ!

ಆರು: ಹೆಸರಿಗೆ ಅಂಕಿ ದೊರೆಯುತ್ತದೆಯೇ? ಅಂಕಿಗೆ ಉತ್ತರ ಬಂದು ಹೆಸರಿಗೆ ಬಾರದಿದ್ದರೆ ತಪ್ಪು ಡಿ.ಎನ್.ಎಸ್. ಎಂಬ ದಫ್ತರದ ವಿಳಾಸದಲ್ಲಿದೆ. ದೀಪಾವಳಿಯಂದು ನಾನು ಆ ವಿಳಾಸವನ್ನೂ ಹುಕ್ಕೇರಿಯ ಅಗಸೆಗೇ ಕಟ್ಟಿಹಾಕಿದ್ದೆ. ಹಳೆಯ ಕಿಟಕಿಯಲ್ಲಿ ಯಂತ್ರದ ವಿಳಾಸಕ್ಕೂ ದಫ್ತರದ ವಿಳಾಸಕ್ಕೂ ಬೇರೆ ಬೇರೆ ಆಯ್ಕೆಗಳಿವೆ. ಒಂದನ್ನು ಬಿಚ್ಚಿದರೆ ಇನ್ನೊಂದು ತಾನಾಗಿ ಬಿಚ್ಚುವುದಿಲ್ಲ. ಅದನ್ನೂ ಸ್ವಯಂಚಾಲಿತಗೊಳಿಸಿದೆವು. ಬಳಿಕ ‘ಐಪಿಕಾನ್ಫಿಗ್’ ಮುಂದೆ ತೆರಪು ಬಿಟ್ಟು, ಓರೆಗೆರೆ ಹಾಕಿ ‘ಫ್ಲಶ್‌ಡಿಎನ್‌ಎಸ್’ ಎಂದು ಬರೆದು ಹಳೆಯ ನೆನಪನ್ನು ತೊಳೆದೆವು. ರಾತ್ರಿ ಹನ್ನೆರಡೂವರೆಗೆ ಪುಟ ತೆರೆಯಿತು. ಒಂದೇ ತಪ್ಪು ಇರುತ್ತದೆಂದು ನಂಬಿ ಅರ್ಧ ದಾರಿಯಲ್ಲಿ ಕೈಚೆಲ್ಲಬಾರದೆಂಬುದು ಇಲ್ಲಿ ಕಲಿತ ಪಾಠ.

ಏಳು: ಹೆಸರಿಗೂ ಉತ್ತರವಿದೆ, ಬ್ರೌಸರಿನಲ್ಲಿ ಮಾತ್ರ ಪುಟವಿಲ್ಲ. ಆಗ ನಾಲ್ಕು ಸಂಗತಿಗಳನ್ನು ನೋಡಬೇಕು. ಯಾವುದೋ ಪ್ರಯೋಗಾಲಯದಲ್ಲಿ ತುಂಬಿದ ಪ್ರಾಕ್ಸಿ ಎಂಬ ನಡುವಿನವನ ವಿಳಾಸ ಹಾಗೆಯೇ ಉಳಿದಿರಬಹುದು; ನೆಟ್‌ವರ್ಕ್ ವಿಭಾಗದ ಪ್ರಾಕ್ಸಿ ಪುಟದಲ್ಲಿ ಅದನ್ನು ನಿಲ್ಲಿಸಬೇಕು. ವಿ.ಪಿ.ಎನ್. ಹಾಕಿದ್ದರೆ ತಾತ್ಕಾಲಿಕವಾಗಿ ತೆಗೆದು ನೋಡಬೇಕು. ಕೆಲವು ಸಂಸ್ಥೆಗಳ ವೈ-ಫೈಯಲ್ಲಿ ಮೊದಲು ಹೆಸರು, ಗುಪ್ತಪದಗಳನ್ನು ಕೊಡುವ ಪುಟವೊಂದು ಬರಬೇಕಾಗುತ್ತದೆ. ಅದನ್ನು ದಾಟದೆ ಒಳಗೆ ಪ್ರವೇಶವಿಲ್ಲ. ಕೊನೆಯದಾಗಿ, ಯಂತ್ರದ ಗಡಿಯಾರ. ಬಹಳ ದಿನ ಮೂಲೆಯಲ್ಲಿದ್ದ ಹಳೆಯ ಲ್ಯಾಪ್‌ಟಾಪಿನ ದಿನಾಂಕ ಹಿಂದೆ ಬಿದ್ದಿರುತ್ತದೆ. ಸುರಕ್ಷಿತ ಪುಟಗಳ ಪ್ರಮಾಣಪತ್ರಕ್ಕೆ ಪ್ರಾರಂಭದ ದಿನವೂ ಮುಗಿಯುವ ದಿನವೂ ಇರುವುದರಿಂದ, ತಪ್ಪು ದಿನಾಂಕದ ಯಂತ್ರವು ಅದನ್ನು ನಂಬುವುದಿಲ್ಲ. ಸರಕಾರದಿಂದ ಹಿಂದೆ ಉಚಿತವಾಗಿ ಬಂದ ಲ್ಯಾಪ್‌ಟಾಪುಗಳನ್ನು ಅಣ್ಣ-ಅಕ್ಕಂದಿರಿಂದ ಪಡೆದು ಬಳಸುವವರು ನಮ್ಮಲ್ಲಿ ಇದ್ದಾರೆ. ಅವರು ಇದನ್ನು ನೆನಪಿಡಬೇಕು.

ಇಷ್ಟೆಲ್ಲ ಮಾಡಿಯೂ ಆಗದಿದ್ದರೆ ‘ನೆಟ್‌ವರ್ಕ್ ರಿಸೆಟ್’ ಎಂಬ ಉಪಾಯವಿದೆ. ಅದು ಜಾಲದ ಎಲ್ಲ ಏರ್ಪಾಡುಗಳನ್ನೂ ಹೊಸದಾಗಿಸುತ್ತದೆ. ವೈ-ಫೈಯ ಗುಪ್ತಪದಗಳು ಅಳಿಯುತ್ತವೆ. ಅವನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು. ಆದರೆ ನಮ್ಮ ಕಡತಗಳಿಗೆ ಅದರಿಂದ ಯಾವ ಅಪಾಯವೂ ಇಲ್ಲ. ಇದನ್ನು ನಾನು ಒತ್ತಿ ಹೇಳಬಯಸುತ್ತೇನೆ. ಜಾಲದ ತಪ್ಪಿಗೆ ಇಡೀ ಯಂತ್ರವನ್ನು ಅಳಿಸುವುದೆಂದರೆ ಬಾಯಿಗಟ್ಟಿನ ಹುಲ್ಲಿಗಾಗಿ ಹೊಲಕ್ಕೆಲ್ಲ ಬೆಂಕಿಯಿಟ್ಟಂತೆ. ಎಲ್ಲ ಉಪಾಯಗಳೂ ಸೋತ ಮೇಲೆ, ಕಡತಗಳ ಪ್ರತಿಯನ್ನು ತೆಗೆದಿಟ್ಟು, ಆಮೇಲೆ ಆ ಮಾತು.

ಮರುದಿನ ಬೆಳಗ್ಗೆ ನಾನು ಕಿರುಪ್ರಬಂಧವನ್ನು ಗುರುಗಳಿಗೆ ಕಳುಹಿಸಿದೆ. ಅಜ್ಜಿಯ ಪದಗಳ ಒಂದು ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ತುಂಬಿ ಮನೆಗೆ ಕೊಟ್ಟೆ. ಇನ್ನೊಂದನ್ನು ಅಂತರ್ಜಾಲದ ಭಂಡಾರದಲ್ಲಿಟ್ಟೆ. ಅದನ್ನು ಮೊದಲೇ ಮಾಡಬೇಕಾಗಿತ್ತು. ಮೂಡಲಗಿಯಲ್ಲಿ ನಮ್ಮವ್ವ ಆ ದನಿಯನ್ನು ಕೇಳಿ, ಬಹಳ ಹೊತ್ತು ಮಾತಾಡದೆ ಕುಳಿತಿದ್ದು, “ಇನ್ನೊಮ್ಮೆ ಹಚ್ಚು” ಎಂದಳು.

ನಮ್ಮ ಕೋಣೆಯ ಗೋಡೆಗೆ ಈಗ ಒಂದು ಕಾಗದವನ್ನು ಅಂಟಿಸಿದ್ದೇವೆ. ಅದರಲ್ಲಿ ಇರುವುದು ಇಷ್ಟೇ: ನೆರೆಮನೆ, ವೈ-ಫೈ, ವಿಳಾಸ, ಅಗಸೆ, ಊರಾಚೆ, ಹೆಸರು, ಬ್ರೌಸರು. ಬಂದ ಗೆಳೆಯರೆಲ್ಲ ಅದನ್ನು ಬರೆದುಕೊಂಡು ಹೋಗುತ್ತಾರೆ. ವಾಚಕರೂ ಬರೆದುಕೊಳ್ಳಬಹುದು. ಅದರ ಕೆಳಗೆ ನೀರಗಂಟಿಯ ಮಗನು ತನ್ನ ಕೈಯಿಂದ ಇನ್ನೊಂದು ಸಾಲನ್ನು ಸೇರಿಸಿದ್ದಾನೆ: “ಏನನ್ನಾದರೂ ಬದಲಿಸಿದರೆ, ಬದಲಿಸಿದುದನ್ನು ಬರೆದಿಡು.”